ಸಗಣಿಯೂ ಸೂಜಿಯೂ

ಚಿತ್ರವೆಂದೊಡನೆ ನೀವು ಬಣ್ಣದ ಪೆಟ್ಟಿಗೆಯನ್ನು ಹುಡುಕುವಿರಿ. ನರಸಿಂಹರಾಜಪುರಕ್ಕೆ ಬಹುದೂರವಲ್ಲದ ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಶೀಲಾ ಗೌಡರವರೂ ಮೊದಲು ವರ್ಣಚಿತ್ರಗಳನ್ನೇ ಬರೆಯುತ್ತಿದ್ದರು. 1992ರ ಕೋಮುಗಲಭೆಗಳ ತರುವಾಯ ಸಗಣಿಯನ್ನು ಕೈಗೆತ್ತಿಕೊಂಡರು. ಪವಿತ್ರವೆನಿಸಿಯೂ ಅದು ನೆಲ ಸಾರಿಸುವ, ಬೆರಣಿ ತಟ್ಟುವ ಹೆಂಗಸರ ದುಡಿಮೆಯ ವಸ್ತುವಲ್ಲವೇ!

ಮುಂದೆ 1998ರಲ್ಲಿ, ಅನೇಕ ಸೂಜಿಗಳಿಗೆ ಬಲು ಉದ್ದದ ದಾರಗಳನ್ನು ಪೋಣಿಸಿ, ಅಂಟಿನಲ್ಲಿ ಕಲಸಿದ ಕುಂಕುಮವನ್ನು ಬಳಿದು, ಎಳೆಗಳನ್ನೊಂದುಗೂಡಿಸಿ ಕೆಂಪು ಹಗ್ಗಗಳನ್ನು ಮಾಡಿದರು. ಸೂಜಿಗಳು ತುದಿಯಲ್ಲಿ ಗೊಂಚಲಾಗಿ ತೂಗುವುವು. ದೂರಕ್ಕೆ ಕರುಳಿನಂತೆ ತೋರುವ ಆ ಹಗ್ಗದ ಬಳಿ ಸಾರಿದರೆ, ಹೊಲಿಗೆಯ ತರಗತಿಯಲ್ಲಿ ಚುಚ್ಚಿಸಿಕೊಂಡ ಬೆರಳು ನೆನಪಾಗದಿರದು.

“ಇದೂ ಚಿತ್ರವೇ, ಅಮ್ಮಾ?” ಎಂದು ಮೆಣಸೆಯಿಂದ ಬರುವ ಹುಡುಗಿಯೊಬ್ಬಳು ಕೇಳಿದಳು. ನಿನ್ನ ಅಜ್ಜಿ ಸಾರಿಸಿದ ಅಂಗಳದಲ್ಲಿ ಬೆರಳುಗಳು ಬಿಡಿಸಿದ ಅರೆವೃತ್ತಗಳನ್ನು ನೋಡಿ ಬಾ, ಎಂದೆನು.