ಶರಣರ ಹೆಸರುಗಳಲ್ಲಿ ಉಳಿದ ನುಡಿಗಳು

ವಚನಗಳನ್ನು ಓದಹೊರಟ ಜಿಜ್ಞಾಸುವಿಗೆ ಷಟ್‌ಸ್ಥಲ, ಅಷ್ಟಾವರಣ ಮೊದಲಾದ ಶಾಸ್ತ್ರಪದಗಳೇ ಕಠಿಣವೆಂದು ತೋರುವುದು ಸಹಜ. ಆದರೆ ಅವುಗಳನ್ನು ವಿವರಿಸುವ ಗ್ರಂಥಗಳಿವೆ, ಬೋಧಿಸುವ ಗುರುಗಳಿದ್ದಾರೆ. ಓದುಗನನ್ನು ನಿಜವಾಗಿ ದಾರಿ ತಪ್ಪಿಸುವವು ಅಂಗಳ, ಹಟ್ಟಿ, ಅಡುಗೆಮನೆಗಳ ಸಣ್ಣ ಮಾತುಗಳು. ಒಂದು ಕಾಲಕ್ಕೆ ಅವುಗಳ ಅರ್ಥವನ್ನು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

12ನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆಯ ಹೆಸರನ್ನೇ ನೋಡಬಹುದು. ಕದಿರು ಎಂಬುದಕ್ಕೆ ಕಿರಣವೆಂಬ ಅರ್ಥವುಂಟು, ತೆನೆಯೆಂಬ ಅರ್ಥವೂ ಉಂಟು. ಕಾವ್ಯಗಳಲ್ಲಿ ನೇಸರ ಕದಿರುಗಳನ್ನು ಕಂಡವರಿಗೆ ಮೊದಲು ನೆನಪಾಗುವುದು ಕಿರಣವೇ. ರೆಮ್ಮವ್ವೆಯ ಕದಿರು ಅದಲ್ಲ. ರಾಟೆಯಲ್ಲಿ ನೂಲನ್ನು ಸುತ್ತಿಕೊಳ್ಳುವ ಚೂಪುತುದಿಯ ಸಣ್ಣ ಸರಳು. ನೂಲುವುದೇ ಆ ತಾಯಿಯ ಕಾಯಕ. ತನ್ನ ವಚನವೊಂದರಲ್ಲಿ ಆಕೆ ರಾಟೆಯ ಅಂಗಗಳನ್ನು ಒಂದೊಂದಾಗಿ ಹೆಸರಿಸಿ, ಅಡಿಯ ಹಲಗೆಯಲ್ಲಿ ಬ್ರಹ್ಮನನ್ನೂ ತೋರಣದಲ್ಲಿ ವಿಷ್ಣುವನ್ನೂ ಕಂಡು, ಮುಂದೆ ಅರಿವನ್ನೇ ಕದಿರಾಗಿಸಿದ್ದಾಳೆ. ಇದನ್ನು ಅರಿವಿನ ಕಿರಣವೆಂದು ಓದಿದರೆ ಅರ್ಥವು ಸೊಗಸಾಗಿಯೇ ಕೂಡುತ್ತದೆ. ತಪ್ಪು ಗೊತ್ತಾಗದಿರುವುದೂ ಅದರಿಂದಲೇ. ಕಿರಣವು ತಾನಾಗಿ ಬಂದು ಬೀಳುವಂಥದು. ಕದಿರು ತುಂಬಬೇಕಾದರೋ ಕೈ ರಾಟೆಯನ್ನು ತಿರುಗಿಸುತ್ತಲೇ ಇರಬೇಕು, ಎಳೆ ಕಡಿದರೆ ಮತ್ತೆ ಹೊಸೆಯಬೇಕು. ಆ ಕೈಯನ್ನು ರೆಮ್ಮವ್ವೆ ಭಕ್ತಿಯೆಂದು ಕರೆದಳು. ಸರಳೊಂದನ್ನು ಮರೆತ ಮಾತ್ರಕ್ಕೆ, ಅರಿವಿಗೂ ಭಕ್ತಿಗೂ ಆಕೆ ಕಾಣಿಸಿದ ಸಂಬಂಧವೇ ಕಳಚಿಹೋಗುವುದು.

ಕೊಟ್ಟಣದ ಸೋಮಮ್ಮನ ಕೊಟ್ಟಣವೆಂದರೆ ಬತ್ತವನ್ನು ಕುಟ್ಟಿ ಅಕ್ಕಿ ಮಾಡುವ ಕೆಲಸ. ಗಿರಣಿಗಳು ಬಂದ ಮೇಲೆ ಒರಳು ಒನಕೆಗಳೊಡನೆ ಈ ಮಾತೂ ಮೂಲೆ ಸೇರಿತು. ತುರುಗಾಹಿ ರಾಮಣ್ಣನ ಹೆಸರಿನಲ್ಲಿರುವ ತುರು ಎಂದರೆ ದನ. ತುರುಗಳನ್ನು ಬಿಡಿಸಿಕೊಳ್ಳಲು ಹೋರಿ ಮಡಿದವರ ವೀರಗಲ್ಲುಗಳು ನಾಡಿನಲ್ಲಿ ಎಷ್ಟೋ ಇವೆ. ಮಾತು ಮಾತ್ರ ಕಲ್ಲಿನಲ್ಲಿಯೇ ಉಳಿಯಿತು.

ಹಡಪದ ಅಪ್ಪಣ್ಣನವರ ಹೆಸರಿನ ಗತಿ ಬೇರೆ. ಹಡಪವು ಎಲೆಯಡಿಕೆಯ ಚೀಲ. ಕ್ಷೌರದ ಸಾಧನಗಳನ್ನಿಡುವ ಚೀಲಕ್ಕೂ ಅದೇ ಹೆಸರು. ಪದವು ಬಳಕೆಯಿಂದ ಜಾರಿದರೂ ಸಮುದಾಯವೊಂದರ ಹೆಸರಾಗಿ ಇಂದಿಗೂ ಬದುಕಿದೆ. ಮಹಾಮಂತ್ರಿಯ ಹತ್ತಿರ ಇದ್ದವರೊಬ್ಬರು ಪದವಿಯ ಹೆಸರಿನಿಂದಲ್ಲ, ಹೆಗಲ ಚೀಲದಿಂದಲೇ ಗುರುತಿಸಲ್ಪಟ್ಟರೆಂಬುದು ಹಡಪದ ಅರ್ಥ ಬಲ್ಲವರಿಗಷ್ಟೇ ಕೇಳಿಸುವುದು.