ಸಮಾನಾರ್ಥಕ ಮತ್ತು ವಿರುದ್ಧಾರ್ಥಕ ಪದಗಳ ಬೋಧನೆ

ಪ್ರಾಥಮಿಕ ಶಾಲೆಯ ಕನ್ನಡ ಪಾಠಪುಸ್ತಕಗಳಲ್ಲಿ ಪಾಠ ಮುಗಿದೊಡನೆ ಅಭ್ಯಾಸದ ಭಾಗ ಬರುವುದು ವಾಡಿಕೆ. ಸಮಾನಾರ್ಥಕ ಪದಗಳನ್ನು ಬರೆಯಿರಿ, ವಿರುದ್ಧಾರ್ಥಕ ಪದಗಳನ್ನು ಬರೆಯಿರಿ ಎಂಬ ಎರಡು ಸೂಚನೆಗಳು ಅಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತವೆ. ಉಪಾಧ್ಯಾಯರು ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ. ಮಕ್ಕಳು ಅವನ್ನು ಇಳಿಸಿಕೊಂಡು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಅಂಕಗಳೂ ದೊರೆಯುತ್ತವೆ. ಆದರೆ ನೀರಿಗೆ ಆರು ಪರ್ಯಾಯ ಪದಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲ ಬಾಲಕನು ಅವುಗಳಲ್ಲೊಂದನ್ನು ಸ್ವಂತ ವಾಕ್ಯದಲ್ಲಿ ಬಳಸಹೊರಟಾಗ ಎಡವುತ್ತಾನೆ. 'ಒಂದು ಲೋಟ ಸಲಿಲ ಕೊಡಿರಿ' ಎಂದು ಅವನು ಬರೆದರೆ ಆ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ನಿಘಂಟನ್ನು ತೆರೆದು ನೋಡಿದರೆ ಅರ್ಥದೋಷವೂ ಇಲ್ಲ. ಆದರೂ ಓದಿದವರಿಗೆ ನಗೆ ಬರುತ್ತದೆ. ಆ ನಗೆಗೆ ಕಾರಣವೇನೆಂಬುದನ್ನು ಮಗುವಿಗೆ ತಿಳಿಸದೆ ಬಿಡುವುದೇ ಈ ಬೋಧನೆಯಲ್ಲಿ ನಡೆದುಬಂದಿರುವ ದೊಡ್ಡ ಲೋಪ.

ಪಟ್ಟಿಯನ್ನು ಕಂಠಪಾಠ ಮಾಡಿಸುವ ಪದ್ಧತಿಗೆ ಹಳೆಯ ಬೇರುಗಳಿವೆ. ಅಮರಸಿಂಹನ ಅಮರಕೋಶವನ್ನು ಎಳೆಯ ವಯಸ್ಸಿನಲ್ಲಿಯೇ ಬಾಯಿಗೆ ಬರಿಸುವ ಪರಿಪಾಠ ಸಂಸ್ಕೃತ ಪಾಠಶಾಲೆಗಳಲ್ಲಿ ಬಹುಕಾಲ ನಡೆದುಬಂದಿತು. ಮೂರು ಕಾಂಡಗಳ ಆ ಕೋಶದಲ್ಲಿ ಪದಗಳು ಅಕಾರಾದಿಯಾಗಿ ಬಾರದೆ ವಿಷಯಾನುಸಾರವಾಗಿ ವರ್ಗವರ್ಗವಾಗಿ ಬರುತ್ತವೆ. ಕನ್ನಡದಲ್ಲಿಯೂ ನಾಗವರ್ಮನ ಅಭಿಧಾನ ವಸ್ತುಕೋಶ, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಮೊದಲಾದ ಪದ್ಯರೂಪದ ನಿಘಂಟುಗಳು ಹುಟ್ಟಿದವು. ಕೊನೆಯದರ ಹೆಸರೇ ಅದು ಯಾರಿಗಾಗಿ ರಚಿತವಾಯಿತೆಂಬುದನ್ನು ಸಾರುತ್ತದೆ. ಛಂದಸ್ಸಿಗೆ ಕಟ್ಟುಬಿದ್ದ ಕವಿಗೆ ಮಾತ್ರೆಗೂ ಪ್ರಾಸಕ್ಕೂ ಒದಗುವ ಪದ ಬೇಕು. 'ನೀರು' ಹೊಂದದಿದ್ದಲ್ಲಿ 'ಜಲ', ಅದೂ ಒದಗದಿದ್ದಲ್ಲಿ 'ಉದಕ'. ಶಾಲೆಯು ಪಟ್ಟಿಯನ್ನು ಎತ್ತಿಕೊಂಡಿತು, ಅದರ ಹಿಂದಿದ್ದ ಪ್ರಯೋಜನವನ್ನು ಬಿಟ್ಟಿತು.

ಅರ್ಥ ಒಂದೇ ಆದರೂ ಪದಗಳ ಇರುನೆಲೆ ಒಂದೇ ಅಲ್ಲವೆಂಬುದು ಮಕ್ಕಳಿಗೆ ಮೊದಲು ಮನವರಿಕೆಯಾಗಬೇಕು. ಒಲೆಯ ಮೇಲೆ ಕಾಯುವುದು ನೀರು. ಅಣೆಕಟ್ಟಿನ ಹಿಂದೆ ಹರಡಿರುವುದು ಜಲಾಶಯ. ದೇವಸ್ಥಾನದಲ್ಲಿ ಅಂಗೈಗೆ ಬೀಳುವುದು ತೀರ್ಥ. ಸಾವಿನ ವಿಷಯದಲ್ಲಂತೂ ಕನ್ನಡದ ವಿವೇಕ ಇನ್ನೂ ಸೂಕ್ಷ್ಮವಾದುದು. ನಾಯಿ ಸಾಯುತ್ತದೆ, ಮನೆಯ ಹಿರಿಯರು ತೀರಿಕೊಳ್ಳುತ್ತಾರೆ, ಯೋಧನು ಮಡಿಯುತ್ತಾನೆ, ಮಠದ ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ. ಈ ನಾಲ್ಕನ್ನೂ ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಬರೆಯಿಸಿ ಮುಂದಕ್ಕೆ ಸಾಗಿದರೆ ಮಗು ಕಲಿಯುವುದು ಅರ್ಧ ಮಾತ್ರ. ಕ್ರಿಯಾಪದಗಳಿಂದ ಆರಂಭಿಸುವುದು ಇನ್ನೂ ಸುಲಭ. ಬಟ್ಟೆಯನ್ನು ಕತ್ತರಿಸುತ್ತಾರೆ, ತರಕಾರಿಯನ್ನು ಹೆಚ್ಚುತ್ತಾರೆ, ಪೈರನ್ನು ಕೊಯ್ಯುತ್ತಾರೆ, ಮರವನ್ನು ಕಡಿಯುತ್ತಾರೆ, ಸೌದೆಯನ್ನು ಸೀಳುತ್ತಾರೆ. ಈ ಕೆಲಸಗಳನ್ನು ತರಗತಿಯಲ್ಲಿ ಮಕ್ಕಳಿಂದ ಅಭಿನಯಿಸಿ ತೋರಿಸಲು ಹೇಳಿದರೆ ಸಾಕು. ಕೈ ಹೇಗೆ ಬೇರೆಬೇರೆಯಾಗಿ ಚಲಿಸುತ್ತದೆಯೋ ಪದವೂ ಹಾಗೆಯೇ ಬೇರೆಯಾಯಿತೆಂಬುದನ್ನು ಅವರು ತಾವಾಗಿಯೇ ಕಂಡುಕೊಳ್ಳುತ್ತಾರೆ.

ಸಮಾನಾರ್ಥಕಗಳ ಮತ್ತೊಂದು ದೊಡ್ಡ ಭಂಡಾರವು ಪಾಠಪುಸ್ತಕದ ಹೊರಗಿದೆ. 1956ರ ನವೆಂಬರ್ 1ರಂದು ಏಕೀಕರಣವಾಗುವವರೆಗೆ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡು ಇದು. ಊರೂರಿಗೂ ಮಾತಿನ ಬಳಕೆ ಬೇರೆ. ಧಾರವಾಡದ ಕಡೆಯ ಉಳ್ಳಾಗಡ್ಡಿ ಮೈಸೂರಿನ ಕಡೆ ಈರುಳ್ಳಿ, ಕರಾವಳಿಯಲ್ಲಿ ನೀರುಳ್ಳಿ. ಒಂದು ಕಡೆಯ ತತ್ತಿ ಇನ್ನೊಂದು ಕಡೆ ಮೊಟ್ಟೆ; ಕಸಬರಿಗೆಯೇ ಪೊರಕೆ; ನೀರಡಿಕೆಯೇ ಬಾಯಾರಿಕೆ. ಹಲವು ಜಿಲ್ಲೆಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ವಿದ್ಯಾರ್ಥಿನಿಲಯಗಳಲ್ಲಿ ಇಂತಹ ಪದಗಳು ದಿನನಿತ್ಯ ಕಿವಿಗೆ ಬೀಳುತ್ತವೆ. ಆದರೆ ಪೊರಕೆಗೆ ಸಮಾನಾರ್ಥಕವಾಗಿ ಕಸಬರಿಗೆ ಎಂದು ಬರೆದ ಹುಡುಗಿಯ ಉತ್ತರವನ್ನು, ಮಾದರಿ ಉತ್ತರದಲ್ಲಿ ಇಲ್ಲವೆಂಬ ಒಂದೇ ಕಾರಣದಿಂದ, ಕೆಂಪು ಶಾಯಿಯಿಂದ ಹೊಡೆದುಹಾಕುವುದುಂಟು. ತಾಯಿಯ ಬಾಯಿಂದ ಕಲಿತ ಮಾತು ತಪ್ಪೆಂದು ಹೇಳಿಸಿಕೊಂಡ ಮಗು ಮರುದಿನದಿಂದ ತರಗತಿಯಲ್ಲಿ ಬಾಯಿ ತೆರೆಯುವುದಕ್ಕೆ ಅಂಜುತ್ತದೆ. ಬಾಯಿಬಿಡದ ಮಗುವಿಗೆ ಯಾವ ಭಾಷಾಬೋಧನೆ ಸಾಧ್ಯ? ಅದರ ಬದಲು ಒಂದೊಂದು ವಸ್ತುವಿಗೆ ತಂತಮ್ಮ ಮನೆಯಲ್ಲಿ ಏನೆನ್ನುತ್ತಾರೆಂದು ಕೇಳಿ, ಊರಿನ ಹೆಸರಿನೊಡನೆ ಹಲಗೆಯ ಮೇಲೆ ಬರೆಯಿಸಿದರೆ, ಗ್ರಾಂಥಿಕ ರೂಪ ಯಾವುದು, ಆಡುಮಾತು ಯಾವುದು ಎಂಬ ವಿವೇಚನೆಯೂ ಅಲ್ಲಿಯೇ ಮೊಳೆಯುತ್ತದೆ. 1894ರಲ್ಲಿ ಹೊರಬಂದ ತಮ್ಮ ನಿಘಂಟಿನಲ್ಲಿ ಕಿಟ್ಟೆಲರು ಜನರ ಬಾಯಲ್ಲಿದ್ದ ಗಾದೆಗಳನ್ನು ಉದಾಹರಣೆಗಳಾಗಿ ಧಾರಾಳವಾಗಿ ಬಳಸಿಕೊಂಡರು. ಆ ಔದಾರ್ಯ ಶಾಲೆಗೂ ಇರಬಾರದೇಕೆ?

ವಿರುದ್ಧಾರ್ಥಕಗಳಲ್ಲಿ ತೊಡಕುಗಳು ಇನ್ನೊಂದು ಬಗೆಯವು. ಹಗಲಿಗೆ ಇರುಳು, ಮೇಲಕ್ಕೆ ಕೆಳಗೆ ಎಂಬಂತಹ ಜೋಡಿಗಳಲ್ಲಿ ತೊಂದರೆಯಿಲ್ಲ. ಬಿಸಿ ಮತ್ತು ತಣ್ಣನೆಯ ಎಂಬಲ್ಲಿಯಾದರೋ ನಡುವೆ ಬೆಚ್ಚಗೆ, ಉಗುರುಬೆಚ್ಚಗೆ ಎಂಬ ಮೆಟ್ಟಿಲುಗಳಿವೆ. ಗಂಡ–ಹೆಂಡತಿ, ಗುರು–ಶಿಷ್ಯ ಎಂಬವನ್ನು ವಿರುದ್ಧ ಪದಗಳೆಂದು ಬರೆಯಿಸುವ ರೂಢಿಯನ್ನು ಕೈಬಿಡುವುದೇ ಲೇಸು; ಮೊದಲನೆಯದು ಲಿಂಗಭೇದ, ಎರಡನೆಯದು ಸಂಬಂಧ. ಗುರುವಿಗೆ ಶಿಷ್ಯನು ಎಂದು ವಿರುದ್ಧನಾದನೋ ತಿಳಿಯದು! 'ಉತ್ತರ' ಎಂಬ ಪದಕ್ಕೆ 'ಪ್ರಶ್ನೆ' ಎಂದರೂ ಸರಿ, 'ದಕ್ಷಿಣ' ಎಂದರೂ ಸರಿ. ವಾಕ್ಯವಿಲ್ಲದೆ ಇದನ್ನು ಕೇಳುವ ಪ್ರಶ್ನೆಪತ್ರಿಕೆಯೇ ದೋಷಪೂರ್ಣ.

'ಅ' ಎಂಬ ಪೂರ್ವಪ್ರತ್ಯಯದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ನ್ಯಾಯ–ಅನ್ಯಾಯ, ಸತ್ಯ–ಅಸತ್ಯ ಎಂದು ಕಲಿತ ಮಗು ಅದನ್ನೇ ಸೂತ್ರವಾಗಿ ಹಿಡಿಯುತ್ತದೆ. ಸ್ವರದ ಮುಂದೆ ಅದು 'ಅನ್' ಆಗಿ ಉಚಿತ–ಅನುಚಿತ ಎಂದಾಗುವುದನ್ನು ಹೇಳಿಕೊಡಬಹುದು. ಆದರೆ ಈ ಸೂತ್ರ ಸಂಸ್ಕೃತ ಪದಗಳಿಗೆ ಸಲ್ಲುವುದೇ ಹೊರತು ಅಚ್ಚಗನ್ನಡ ಪದಗಳಿಗಲ್ಲ. ಒಳ್ಳೆಯದಕ್ಕೆ ಕೆಟ್ಟದ್ದು, ಹಿರಿದಕ್ಕೆ ಕಿರಿದು ಎಂದು ಬೇರೆ ಪದವನ್ನೇ ಹುಡುಕಬೇಕು, ಅಥವಾ 'ಬಾರದ', 'ಕಾಣದ' ಎಂಬಂತೆ ಕ್ರಿಯೆಯ ನಿಷೇಧರೂಪವನ್ನು ಬಳಸಬೇಕು. ಸಂಸ್ಕೃತದಲ್ಲಿಯೂ ಅದು ಕಣ್ಣುಮುಚ್ಚಿ ನಂಬತಕ್ಕ ಸೂತ್ರವಲ್ಲ. ಅಮೂಲ್ಯವೆಂದರೆ ಬೆಲೆಯಿಲ್ಲದ್ದೆಂದಲ್ಲ, ಬೆಲೆ ಕಟ್ಟಲಾಗದ್ದು. ಅನರ್ಥವೆಂದರೆ ಸಾಮಾನ್ಯ ಬಳಕೆಯಲ್ಲಿ ಅರ್ಥವಿಲ್ಲದ್ದಲ್ಲ, ಕೇಡು.

ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸುವುದು 'ಹಸಿ' ಎಂಬ ಎರಡಕ್ಷರದ ಪದ. ಹಸಿ ಕಟ್ಟಿಗೆಗೆ ಎದುರು ಒಣ ಕಟ್ಟಿಗೆ. ಹಸಿ ಹಾಲಿಗೆ ಕಾಯಿಸಿದ ಹಾಲು. ಹಸಿ ತರಕಾರಿಗೆ ಬೆಂದ ತರಕಾರಿ. ಹಸಿ ಕಡಲೆಗೆ ಹುರಿದ ಕಡಲೆ. ಒಂದೇ ಪದಕ್ಕೆ ಎದುರಾಳಿಗಳು ಇಷ್ಟು. ಆದುದರಿಂದ ವಿರುದ್ಧಾರ್ಥಕವನ್ನು ಬಿಡಿ ಪದಕ್ಕೆ ಕೇಳದೆ, ಒಂದು ನಾಮಪದದೊಡನೆ ಜೋಡಿಸಿ ಕೇಳುವುದು ಯುಕ್ತ. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ಬೃಹತ್ ನಿಘಂಟು ಸಹ ಪದಕ್ಕೆ ಅರ್ಥ ಹೇಳಿ ಸುಮ್ಮನಾಗದೆ ಗ್ರಂಥಗಳಿಂದ ಪ್ರಯೋಗಗಳನ್ನು ಕೊಡುತ್ತದೆ. ವಿದ್ವಾಂಸರಿಗೇ ಪ್ರಯೋಗ ಬೇಕಾದಲ್ಲಿ ಎಂಟು ವರ್ಷದ ಮಗುವಿಗೆ ಬೇಡವೆ?

ಉತ್ತರಪತ್ರಿಕೆಯನ್ನು ತಿದ್ದುವಾಗಲೂ ಇದೇ ದೃಷ್ಟಿ ಇರಬೇಕು. 'ಹಸಿ' ಎಂಬುದರ ಎದುರು 'ಸುಟ್ಟ' ಎಂದು ಬರೆದ ಬಾಲಕನೊಬ್ಬನಿದ್ದರೆ, ಸೊನ್ನೆ ಹಾಕುವ ಮುನ್ನ ಉಪಾಧ್ಯಾಯರು ಅವನನ್ನು ಹತ್ತಿರಕ್ಕೆ ಕರೆದು ಕಾರಣ ಕೇಳಬೇಕು. ಅವನ ತಂದೆತಾಯಿಗಳು ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರಿರಬಹುದು. ಹಸಿ ಇಟ್ಟಿಗೆ, ಸುಟ್ಟ ಇಟ್ಟಿಗೆ ಎಂಬ ಮಾತನ್ನು ಅವನು ಹುಟ್ಟಿದಂದಿನಿಂದ ಕೇಳಿರಬಹುದು.