ಹನ್ನೆರಡು ನಾಡುಗಳ ಗ್ರಂಥಾಲಯ

ಗ್ರಂಥಾಲಯವೆಂದೊಡನೆ ಪುಸ್ತಕದ ಕಪಾಟುಗಳೂ ಓದುವ ಮೇಜುಗಳೂ ನಮ್ಮ ಕಣ್ಮುಂದೆ ನಿಲ್ಲುತ್ತವೆ. ಆದರೆ ವಿದ್ಯಾರ್ಥಿಯು ಸಮುದ್ರದಾಚೆಯ ದ್ವೀಪವೊಂದರಲ್ಲಿ ಕುಳಿತು ಅಂತರಜಾಲದ ಮೂಲಕ ಪಾಠ ಕಲಿಯುತ್ತಿದ್ದರೆ ಗ್ರಂಥಪಾಲಕನು ಅವನಿಗೆ ನೆರವಾಗುವುದು ಹೇಗೆ? ಪೆಸಿಫಿಕ್ ಸಾಗರದ ಒಂದು ಉದಾಹರಣೆಯಿಂದ ಇದನ್ನು ವಿಚಾರಿಸೋಣ.

೧೯೬೮ರಲ್ಲಿ ಸ್ಥಾಪಿತವಾದ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾನಿಲಯವು ಫಿಜಿ, ಟೋಂಗ, ಕಿರಿಬಾಸ್, ಟುವಾಲು, ಕುಕ್ ದ್ವೀಪಗಳು ಮೊದಲಾದ ೧೨ ದ್ವೀಪನಾಡುಗಳಿಗೆ ಸೇರಿದುದು. ಅದರ ಮುಖ್ಯ ಗ್ರಂಥಾಲಯವಿರುವುದು ಫಿಜಿಯ ಸುವ ನಗರದಲ್ಲಿ. ಬೋಧನೆ ಇಂಗ್ಲಿಷಿನಲ್ಲಿ, ಮನೆಮಾತುಗಳಾದರೋ ಹತ್ತಾರು.

ಮೊದಲನೆಯ ತೊಡಕು ಕಾಲದ್ದು. ಫಿಜಿಗೂ ಕುಕ್ ದ್ವೀಪಗಳಿಗೂ ನಡುವೆ ದಿನಾಂಕರೇಖೆ ಹಾಯ್ದಿದೆ. ಗಡಿಯಾರಗಳಲ್ಲಿ ೨೨ ಗಂಟೆಗಳ ಅಂತರ. ಕುಕ್ ದ್ವೀಪಗಳ ವಿದ್ಯಾರ್ಥಿ ಶುಕ್ರವಾರ ಬೆಳಿಗ್ಗೆ ೧೦ಕ್ಕೆ ಪ್ರಶ್ನೆ ಕಳುಹಿಸಿದರೆ, ಸುವದಲ್ಲಿ ಆಗಲೇ ಶನಿವಾರ ಬೆಳಿಗ್ಗೆ ೮ ಗಂಟೆ! ಆದುದರಿಂದ "ನಾಳೆ ಉತ್ತರಿಸುತ್ತೇವೆ" ಎಂದರೆ ಸಾಲದು. ಯಾರ ನಾಳೆ ಎಂಬುದನ್ನೂ ತಿಳಿಸಬೇಕು.

ಎರಡನೆಯ ತೊಡಕು ಹೆಸರಿನದು. ಇದು ಇನ್ನೂ ಸೂಕ್ಷ್ಮವಾದುದು. ಹವಳದ್ವೀಪಗಳಲ್ಲಿ ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದ ದೊಡ್ಡ ಗೆಡ್ಡೆಯೊಂದನ್ನು ಸಿಹಿನೀರು ಒಸರುವಷ್ಟು ಆಳದ ಹೊಂಡಗಳಲ್ಲಿ ಬೆಳೆಯುತ್ತಾರೆ. ಕಡಲು ಉಕ್ಕಿ ಹೊಂಡಕ್ಕೆ ಉಪ್ಪುನೀರು ನುಗ್ಗಿದರೆ ಬೆಳೆ ಹಾಳು. ಇದನ್ನೇ ಅಭ್ಯಸಿಸಹೊರಟ ಕಿರಿಬಾಸಿನ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಅವಳ ಮಾತಿನಲ್ಲಿ ಆ ಗೆಡ್ಡೆ 'ಬಬಾಯಿ', ಟುವಾಲುವಿನಲ್ಲಿ ಅದೇ 'ಪುಲಕ', ಸಸ್ಯಶಾಸ್ತ್ರಜ್ಞರಿಗೆ 'ಸಿರ್ಟೊಸ್ಪರ್ಮ'. ಯಂತ್ರವು ಅಕ್ಷರಗಳನ್ನು ಮಾತ್ರ ಹೋಲಿಸುವುದಾದರೆ, 'ಬಬಾಯಿ' ಎಂದು ಕೇಳಿದವಳಿಗೆ ಉಳಿದೆರಡು ಹೆಸರುಗಳಲ್ಲಿರುವ ಬರಹಗಳು ದೊರೆಯವು. ತನ್ನ ನಾಡಿನ ಬೆಳೆಯನ್ನು ಕುರಿತು ಯಾರೂ ಬರೆದಿಲ್ಲವೆಂದೇ ಅವಳು ತಿಳಿದಾಳು. ಗ್ರಂಥಪಾಲಕನು ಸೂಚಿಯಲ್ಲಿ ಮೂರು ಹೆಸರುಗಳನ್ನೂ ಒಂದಕ್ಕೊಂದು ಜೋಡಿಸಿದ್ದರೆ, ಯಾವ ಹೆಸರಿನಿಂದ ಹೊರಟರೂ ಎಲ್ಲ ಬರಹಗಳೂ ಕೈಗೆ ಸಿಕ್ಕುತ್ತವೆ.

ಮೂರನೆಯದು ಸಂಕೋಚ. ಹಿರಿಯರನ್ನು ಪ್ರಶ್ನಿಸುವುದು ಅವಿನಯವೆಂದು ಕಲಿತು ಬೆಳೆದವರು ತಮಗೆ ತಿಳಿಯದೆಂದು ಹೇಳಲು ಹಿಂಜರಿಯುತ್ತಾರೆ. ಎದುರಿಗಿದ್ದರೆ ಮುಖಭಾವದಿಂದ ಅದನ್ನು ಅರಿಯಬಹುದು. ದೂರದಲ್ಲಿ ಅದೂ ಇಲ್ಲ. ಆದುದರಿಂದ ಗ್ರಂಥಪಾಲಕನೇ ಮೊದಲು ಮಾತನಾಡಿಸಬೇಕಾಗುತ್ತದೆ.

ಬೆಂಗಳೂರಿನಲ್ಲಿ ನೆಲೆಸಿ ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಶಾಸ್ತ್ರಕ್ಕೆ ೧೯೩೧ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಓದುಗನ ಕಾಲವನ್ನು ಉಳಿಸಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. ಮೇಲಿನ ಮೂರು ಉಪಾಯಗಳೂ ಆ ಸೂತ್ರದ ಅನ್ವಯಗಳೇ.

ನಮ್ಮಲ್ಲಿಯೂ ಒಂದೇ ಗಿಡಕ್ಕೆ ಊರಿಗೊಂದು ಹೆಸರುಂಟು. ಓದುಗರು ಅಂತಹ ಒಂದು ಗಿಡದ ಹೆಸರುಗಳನ್ನೆಲ್ಲ ಸಂಗ್ರಹಿಸಿ, ತಮ್ಮ ಕಾಲೇಜಿನ ಗ್ರಂಥಸೂಚಿಯಲ್ಲಿ ಒಂದೊಂದಾಗಿ ಹುಡುಕಿ ನೋಡಲಿ. ಯಾವ ಹೆಸರಿಗೆ ಉತ್ತರ ಬರುವುದಿಲ್ಲವೋ ಅದನ್ನು ಗ್ರಂಥಪಾಲಕರಿಗೆ ತಿಳಿಸಲಿ. ಮುಂದೆ ಬರುವವರಿಗೆ ಅದರಿಂದ ಉಪಕಾರವಾದೀತು.